ಹಳೇ ಎಂಜಿನ್ನಿಗೆ ಟರ್ಬೊ: ಶಿರಾಡಿ ಹತ್ತಿಸುವ ಮುನ್ನ

ನೆಲ್ಯಾಡಿಯಿಂದ ಗುಂಡ್ಯದ ಕಡೆಗೆ ಲೋಡು ಹೊತ್ತು ಹೊರಟ ಗಾಡಿಗೆ ಟರ್ಬೊ ಇದೆಯೋ ಇಲ್ಲವೋ ತಿಳಿಯಲು ಬಾನೆಟ್ ಎತ್ತಬೇಕಿಲ್ಲ. ಕೆಂಪುಹೊಳೆ ದಾಟಿ ಏರು ಬಿಗಿಯಾದ ಮೇಲೆ ಹಿಂದಿನಿಂದ ಅದರ ಹೊಗೆ ನೋಡಿದರೆ ಸಾಕು. ಟರ್ಬೊ ಇಲ್ಲದ ಹಳೇ ಡೀಸೆಲ್ ಗಾಡಿ ಎರಡನೇ ಗೇರಿಗೆ ಇಳಿದು, ಆಕ್ಸಿಲರೇಟರ್ ಪೂರ್ತಿ ಒತ್ತಿಸಿಕೊಂಡು, ಕರಿ ಹೊಗೆ ಬಿಡುತ್ತ ಮಾರನಹಳ್ಳಿಯವರೆಗೂ ತೆವಳುತ್ತದೆ. ಪಕ್ಕದಲ್ಲೇ ಹೊಸ ಪಿಕಪ್ಪೊಂದು ಅಷ್ಟೇ ಅಡಿಕೆ ಮೂಟೆ ಹೇರಿಕೊಂಡು ಸೀಟಿ ಹೊಡೆದಂಥ ಸದ್ದು ಮಾಡುತ್ತ ಮುಂದೆ ಹೋಗಿಬಿಡುತ್ತದೆ. ಆ ಸೀಟಿ ಟರ್ಬೊದ್ದು. ಹಿಂದೆ ಉಳಿದ ಗಾಡಿಯವನ ತಲೆಯಲ್ಲಿ ಅಲ್ಲಿಂದಲೇ ಹುಳ ಹೊಕ್ಕುತ್ತದೆ: ನನ್ನದಕ್ಕೂ ಒಂದು ಕೂರಿಸಿದರೆ ಹೇಗೆ?

ಕೂರಿಸಬಹುದು. ಕೂರಿಸಿದ ಮೇಲೆ ಎಂಜಿನ್ ಉಳಿಯುವುದು, ಗಾಡಿಯ ದಾಖಲೆ ಉಳಿಯುವುದು ಬೇರೆ ವಿಷಯ. ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಮೊದಲ ಅರ್ಧವನ್ನಷ್ಟೇ ಹೇಳುತ್ತಾರೆ. ಹೇಳದೆ ಬಿಡುವ ಅರ್ಧಕ್ಕೇ ಈ ಬರಹದಲ್ಲಿ ಹೆಚ್ಚು ಜಾಗ.

ಡೀಸೆಲ್ ಎಂಜಿನ್ನಿನ ಬಲ ಗಾಳಿಯ ಲೆಕ್ಕದ ಮೇಲೆ ನಿಂತಿದೆ. ಒಂದು ಕಿಲೋ ಡೀಸೆಲ್ ಉರಿಯಲು ಸುಮಾರು 14.5 ಕಿಲೋ ಗಾಳಿ ಬೇಕು. ಸಿಲಿಂಡರಿನೊಳಗೆ ಎರಡೂ ಬೆರೆಯಲು ಸಿಗುವ ಹೊತ್ತು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ. ಆದ್ದರಿಂದ ಕೆಲಸದಲ್ಲಿ ಹದಿನೆಂಟು ಇಪ್ಪತ್ತು ಕಿಲೋ ಗಾಳಿಯಾದರೂ ಇರಬೇಕು, ಇಲ್ಲದಿದ್ದರೆ ಉರಿಯದೆ ಉಳಿದ ಡೀಸೆಲ್ ಮಸಿಯಾಗಿ ಹೊರಬೀಳುತ್ತದೆ. ನೆಲ್ಯಾಡಿಯಿಂದ ಸಕಲೇಶಪುರಕ್ಕೆ ಹೋಗುವಾಗ ಗಾಡಿ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರ ಮುಟ್ಟುತ್ತದೆ. ಅಲ್ಲಿ ಗಾಳಿ ಮಂಗಳೂರಿನದಕ್ಕಿಂತ ಹತ್ತರಲ್ಲೊಂದು ಪಾಲಿನಷ್ಟು ತೆಳು. ಹಳೇ ಡೀಸೆಲ್ ಪಂಪಿಗೆ ಇದು ಗೊತ್ತಾಗುವುದಿಲ್ಲ, ಅದು ಕೆಳಗೆ ಕೊಟ್ಟಷ್ಟೇ ಡೀಸೆಲನ್ನು ಮೇಲೂ ಕೊಡುತ್ತದೆ. ಎಳೆತ ಹೆಚ್ಚು ಬೇಕಾದ ಕಡೆಯಲ್ಲೇ ಗಾಳಿ ಕಡಿಮೆ.

ಟರ್ಬೊ ಮಾಡುವುದು ಒಲೆಗೆ ಊದುಗೊಳವೆ ಹಿಡಿಯುವ ಕೆಲಸವನ್ನೇ. ಸೈಲೆನ್ಸರಿಗೆ ಹೋಗಬೇಕಾದ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಶಾಫ್ಟು ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟುವುದು ಸಾಮಾನ್ಯ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಷಿ ಇದಕ್ಕೆ 1905ರಲ್ಲಿ ಪೇಟೆಂಟ್ ಪಡೆದ. ಅಮೆರಿಕದಲ್ಲಿ ಇದನ್ನು ಒರೆಗೆ ಹಚ್ಚಿದ್ದು ಬೆಟ್ಟದ ಮೇಲೆಯೇ. 1918ರಲ್ಲಿ ಸ್ಯಾನ್‌ಫರ್ಡ್ ಮಾಸ್ ಎಂಬ ಎಂಜಿನಿಯರ್ ಲಿಬರ್ಟಿ ವಿಮಾನ ಎಂಜಿನ್ನೊಂದನ್ನು 14,000 ಅಡಿ ಎತ್ತರದ ಪೈಕ್ಸ್ ಪೀಕ್ ತುದಿಗೆ ಲಾರಿಯಲ್ಲಿ ಸಾಗಿಸಿ ಓಡಿಸಿ ನೋಡಿದ. ಕೆಳಗೆ 350 ಅಶ್ವಶಕ್ತಿ ಕೊಡುತ್ತಿದ್ದದ್ದು ಮೇಲೆ 230ಕ್ಕೆ ಕುಸಿದಿತ್ತು. ಟರ್ಬೊ ಜೋಡಿಸಿದಾಗ 356. ಎತ್ತರ ಕದ್ದ ಗಾಳಿಯನ್ನು ವಾಪಸು ಕೊಡಿಸುವುದು ಈ ಯಂತ್ರದ ಹಳೆಯ ಕಸುಬು. ನಮ್ಮ ಘಾಟಿಗೂ ಬೇಕಾದದ್ದು ಅಷ್ಟೇ ಎಂಬುದನ್ನು ನೆನಪಿಟ್ಟುಕೊಳ್ಳಿ.

ಆರು ಸಿಲಿಂಡರಿನ ಪಾಠ

ಅಮೆರಿಕದಲ್ಲಿ ಪಿಕಪ್ಪಿಗೂ ಆರು ಸಿಲಿಂಡರಿನ ಎಂಜಿನ್ ಬರುತ್ತದೆ. ಡಾಡ್ಜ್ ಕಂಪನಿ 1989ರ ಮಾದರಿಯಿಂದ ತನ್ನ ಪಿಕಪ್ಪಿಗೆ 5.9 ಲೀಟರಿನ ಕಮಿನ್ಸ್ ಡೀಸೆಲ್ ಇಟ್ಟಿತು, ಟರ್ಬೊ ಸಮೇತ, 160 ಅಶ್ವಶಕ್ತಿ. ನಮ್ಮಲ್ಲಿ ಪಿಕಪ್ ಎಂದರೆ ನಾಲ್ಕು ಸಿಲಿಂಡರ್. ಆರು ಸಿಲಿಂಡರಿನ ಚಿಕ್ಕ ಗಾಡಿ ಬೇಕಿದ್ದರೆ ಸೇನೆಯ ಹರಾಜಿನಲ್ಲಿ ಬಂದ ಜೋಂಗಾವನ್ನು ಹುಡುಕಬೇಕು. ಜಬಲ್ಪುರದಲ್ಲಿ ತಯಾರಾದ, 3956 ಸಿಸಿಯ ನಿಸ್ಸಾನ್ ಪೆಟ್ರೋಲ್ ಎಂಜಿನ್ನಿನ ಆ ಗಾಡಿಗೆ ಟರ್ಬೊ ಹಾಕುವ ಯೋಚನೆಯನ್ನು ನಾನು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತೇನೆ. ಕಾರ್ಬ್ಯುರೇಟರಿನ ಪೆಟ್ರೋಲ್ ಎಂಜಿನ್ನಿಗೆ ಒತ್ತಿದ ಗಾಳಿ ಕೊಟ್ಟರೆ ನಾಕಿಂಗ್ ಹಿಡಿದು ಪಿಸ್ಟನ್ ತೂತಾಗುತ್ತದೆ. ಅದನ್ನು ತಡೆಯುವ ಇಂಧನ ಮತ್ತು ಇಗ್ನಿಷನ್ ವ್ಯವಸ್ಥೆ ಕಟ್ಟುವ ಖರ್ಚಿಗೆ ಇನ್ನೊಂದು ಗಾಡಿಯೇ ಬರುತ್ತದೆ.

ಹೆದ್ದಾರಿಯ ಆರು ಸಿಲಿಂಡರ್ ಎಂದರೆ ಲಾರಿ. ಟಾಟಾದ 697 ಎಂಜಿನ್ನನ್ನು ಬಿಚ್ಚಿ ಜೋಡಿಸದ ಲಾರಿ ಮೆಕ್ಯಾನಿಕ್ ಈ ದಾರಿಯಲ್ಲಿ ಸಿಗುವುದು ಕಷ್ಟ. ಹೆಸರಲ್ಲೇ ಅದರ ಜಾತಕ ಇದೆ: ಆರು ಸಿಲಿಂಡರ್, 97 ಮಿಲಿಮೀಟರ್ ಬೋರ್. ಸ್ಟ್ರೋಕ್ 128, ಒಟ್ಟು 5675 ಸಿಸಿ. ಅಳತೆ ಮರ್ಸಿಡಿಸ್ ಬೆಂಝಿನ ಒಎಂ 352 ಎಂಜಿನ್ನಿನದೇ, 1954ರಲ್ಲಿ ಶುರುವಾದ ಟಾಟಾ ಮತ್ತು ಮರ್ಸಿಡಿಸ್ ಒಪ್ಪಂದದ ಬಳುವಳಿ. ಫೋರ್ ನಾಟ್ ಸೆವೆನ್ನಿನ 497 ಎಂಜಿನ್ನೂ ಅದೇ ಬೋರಿನ, ಸ್ಟ್ರೋಕ್ ಕಡಿಮೆ ಮಾಡಿದ, ನಾಲ್ಕು ಸಿಲಿಂಡರಿನ 2956 ಸಿಸಿಯದು.

697ಕ್ಕೆ ಕಂಪನಿಯೇ ಮುಂದೆ ಟರ್ಬೊ ಇಟ್ಟಿತು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಎಂಜಿನ್, ಮ್ಯಾನಿಫೋಲ್ಡಿನ ಮೇಲೆ ಒಂದು ಬಸವನಹುಳು ಹೆಚ್ಚು. ಹಾಗಾಗಿ ಗುಜರಿಯಿಂದ ಒಂದು ಟರ್ಬೊ ತಂದು ಹಳೆಯದಕ್ಕೆ ಬಿಗಿದರೆ ಆಯಿತು ಅನ್ನಿಸುತ್ತದೆ. ಕಾರ್ಖಾನೆಯಲ್ಲಿ ಟರ್ಬೊ ಮಾದರಿ ತಯಾರಿಸುವಾಗ ಪಿಸ್ಟನ್, ರಿಂಗು, ಎಕ್ಸಾಸ್ಟ್ ವಾಲ್ವ್, ಪಂಪಿನ ಲೆಕ್ಕ, ನಾಝಲ್, ರೇಡಿಯೇಟರ್, ಕ್ಲಚ್ ಎಲ್ಲವನ್ನೂ ಹೊಸ ಬಿಸಿಗೆ ತಕ್ಕಂತೆ ಮರುಲೆಕ್ಕ ಹಾಕುತ್ತಾರೆ. ಪಿಸ್ಟನ್ನಿನ ಅಡಿಗೆ ಆಯಿಲ್ ಚಿಮ್ಮಿಸಿ ತಂಪು ಮಾಡುವ ಜೆಟ್ ಇಡುವುದೂ ಉಂಟು. ಇದು ಯಾವುದೂ ಮೆಕ್ಯಾನಿಕ್ ತೋರಿಸುವ ಹೊರಗಿನ ನೋಟದಲ್ಲಿ ಕಾಣುವುದಿಲ್ಲ.

ಅಂಕಿಯಲ್ಲಿ ನೋಡಿದರೆ ಬಿಸಿಯ ವಿಷಯ ಸ್ಪಷ್ಟವಾಗುತ್ತದೆ. 697 ಎಂಜಿನ್ 2400 ಆರ್‌ಪಿಎಂನಲ್ಲಿ, ತುಂಬುವಿಕೆ ಶೇ. 85 ಎಂದುಕೊಂಡರೂ, ನಿಮಿಷಕ್ಕೆ ಸುಮಾರು 5800 ಲೀಟರ್ ಗಾಳಿ ಎಳೆಯುತ್ತದೆ. ಅದಕ್ಕೆ 0.7 ಬಾರ್, ಅಂದರೆ ಮೆಕ್ಯಾನಿಕ್ ಭಾಷೆಯಲ್ಲಿ ಹತ್ತು ಪೌಂಡ್, ಬೂಸ್ಟ್ ಕೊಟ್ಟರೆ ಒತ್ತಡ 1.7 ಪಟ್ಟಾಗುತ್ತದೆ. ಗಾಳಿಯ ತೂಕ ಮಾತ್ರ ಅಷ್ಟು ಹೆಚ್ಚುವುದಿಲ್ಲ. ಒತ್ತಿದ ಗಾಳಿ ಕಾಯುತ್ತದೆ; ಹೊರಗೆ 32 ಡಿಗ್ರಿ ಇದ್ದದ್ದು ಟರ್ಬೊದಿಂದ ಹೊರಬರುವಾಗ 100 ದಾಟಿರುತ್ತದೆ. ಕಾದ ಗಾಳಿ ಹಿಗ್ಗುವುದರಿಂದ ನಿಜವಾದ ಲಾಭ 1.4 ಪಟ್ಟಿನ ಒಳಗೆ ನಿಲ್ಲುತ್ತದೆ. ಇಂಟರ್‌ಕೂಲರ್ ಇಟ್ಟು ಅದನ್ನು 55 ಡಿಗ್ರಿಯ ಸುತ್ತ ಇಳಿಸಿದರೆ ಲಾಭ 1.55ರ ಮೇಲಕ್ಕೆ ಹೋಗುತ್ತದೆ, ಎಂಜಿನ್ನಿನೊಳಗಿನ ಬಿಸಿಯೂ ಇಳಿಯುತ್ತದೆ. ಇಂಟರ್‌ಕೂಲರ್ ಇಲ್ಲದೆ ಬೂಸ್ಟ್ ಏರಿಸುತ್ತ ಹೋಗುವುದು ನಷ್ಟದ ವ್ಯಾಪಾರ.

ಬಿಗಿಯುವ ಮುನ್ನ ಬಿಚ್ಚಿ ನೋಡುವುದು

ನೆಲ್ಯಾಡಿ, ಕೊಕ್ಕಡ, ಕಡಬದ ಕಡೆ ಟರ್ಬೊ ಇಲ್ಲದೆ ಓಡುತ್ತಿರುವುದು ಹೆಚ್ಚಾಗಿ ಹಳೇ ಮಹೀಂದ್ರ ಡಿಐ ಜೀಪುಗಳು, ಪಿಕಪ್ ಮಾಡಿಕೊಂಡ ಕಮಾಂಡರುಗಳು, ಮೊದಲ ಕಾಲದ ಫೋರ್ ನಾಟ್ ಸೆವೆನ್‌ಗಳು. ರಬ್ಬರ್ ಶೀಟು, ಅಡಿಕೆ, ಕೆಂಪು ಕಲ್ಲು, ಗೊಬ್ಬರ ಹೊತ್ತು ದಣಿದ ಎಂಜಿನ್‌ಗಳು. ಇವುಗಳಲ್ಲಿ ‘ಎಳೆಯುವುದಿಲ್ಲ’ ಎಂಬ ದೂರಿಗೆ ಟರ್ಬೊ ಇಲ್ಲದಿರುವುದು ಕಾರಣವಾಗಿರುವುದು ಅಪರೂಪ. ಏರ್ ಫಿಲ್ಟರ್ ಕಟ್ಟಿಕೊಂಡಿರುತ್ತದೆ, ನಾಝಲ್ ಸರಿಯಾಗಿ ಚಿಮುಕಿಸದೆ ಸುರಿಸುತ್ತಿರುತ್ತದೆ, ಟ್ಯಾಪೆಟ್ ಅಳತೆ ಯಾರೂ ನೋಡಿರುವುದಿಲ್ಲ, ಕ್ಲಚ್ ಜಾರುತ್ತಿರುತ್ತದೆ, ಬ್ರೇಕು ಹಿಡಿದುಕೊಂಡಿರುತ್ತದೆ. ಪಂಪನ್ನು ಕ್ಯಾಲಿಬ್ರೇಷನ್ ಬೆಂಚಿಗೆ ಏರಿಸಿ ವರ್ಷಗಳಾಗಿರುತ್ತವೆ. ಬೆಂಗಳೂರಿನ ಮೈಕೋ ಕಾರ್ಖಾನೆ 1951ರಲ್ಲಿ ಶುರುವಾದ ಕಾರಣಕ್ಕೆ ಕರ್ನಾಟಕದಲ್ಲಿ ಡೀಸೆಲ್ ಪಂಪಿನ ಕೆಲಸ ಬಲ್ಲವರಿಗೆ ಬರವಿಲ್ಲ. ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ನಮ್ಮ ಬಾಯಲ್ಲಿ ಅದು ಮೈಕೋ ಪಂಪೇ. ಟರ್ಬೊಗೆ ಎತ್ತಿಟ್ಟ ಹಣದ ಒಂದು ಪಾಲಿನಲ್ಲಿ ಪಂಪು, ನಾಝಲ್, ಟ್ಯಾಪೆಟ್, ಫಿಲ್ಟರ್ ಮಾಡಿಸಿ ಒಮ್ಮೆ ಘಾಟಿ ಹತ್ತಿ ನೋಡಿ. ಅಲ್ಲಿಗೇ ಮಾತು ಮುಗಿಯುವ ಗಾಡಿಗಳೇ ಹೆಚ್ಚು.

ಆಮೇಲೂ ಟರ್ಬೊ ಬೇಕೆನಿಸಿದರೆ ಎಂಜಿನ್ನಿನ ಆರೋಗ್ಯ ಅಳೆಯಿರಿ. ಪ್ರತಿ ಸಿಲಿಂಡರಿನ ಕಂಪ್ರೆಷನ್ ಗೇಜಿನಲ್ಲಿ ನೋಡಿ ಬರೆದುಕೊಳ್ಳಬೇಕು. ಒಂದಕ್ಕೂ ಇನ್ನೊಂದಕ್ಕೂ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಮೊದಲು ಅದರ ಕೆಲಸ. ಎಂಜಿನ್ ಓಡುವಾಗ ಆಯಿಲ್ ಮುಚ್ಚಳ ತೆರೆದು ಬ್ರೀದರ್ ಎಷ್ಟು ಉಸಿರು ಬಿಡುತ್ತದೆ ನೋಡಬೇಕು. ಬುಸುಗುಟ್ಟುವ ಎಂಜಿನ್ನಿಗೆ ಟರ್ಬೊ ಹಾಕಿದರೆ ಆ ಒತ್ತಡ ಟರ್ಬೊದ ಆಯಿಲ್ ಇಳಿಯದಂತೆ ತಡೆದು, ಸೀಲಿನ ಮೂಲಕ ಆಯಿಲನ್ನು ಗಾಳಿಯ ದಾರಿಗೆ ನುಗ್ಗಿಸುತ್ತದೆ. ಇದರ ಅಪಾಯ ಹೊಗೆಯಷ್ಟಕ್ಕೇ ನಿಲ್ಲುವುದಿಲ್ಲ. ಡೀಸೆಲ್ ಎಂಜಿನ್ ಆಯಿಲನ್ನೂ ಕುಡಿದು ಓಡುತ್ತದೆ. ಹಾಗೆ ಹಿಡಿತ ತಪ್ಪಿದ ಎಂಜಿನ್ ಕೀಲಿ ತಿರುಗಿಸಿದರೂ ನಿಲ್ಲದೆ, ಸಿಡಿಯುವವರೆಗೂ ವೇಗ ಏರಿಸಿಕೊಳ್ಳುತ್ತ ಹೋಗುತ್ತದೆ. ಆಗ ಬ್ರೇಕು ಒತ್ತಿ ಮೇಲಿನ ಗೇರಿಗೆ ಹಾಕಿ ಕ್ಲಚ್ ಬಿಟ್ಟು ಎಂಜಿನ್ ಅಡಗಿಸಬೇಕು, ಇಲ್ಲವೇ ಗಾಳಿಯ ಬಾಯಿಯನ್ನು ಮರದ ಹಲಗೆಯಿಂದ ಮುಚ್ಚಬೇಕು. ಕೈಯನ್ನು ಮಾತ್ರ ಅಡ್ಡ ಇಡಬೇಡಿ.

ಇನ್ನು ಜೋಡಣೆ. ನನ್ನನ್ನು ಕೇಳಿದರೆ ಮೊದಲು ಕೊಳ್ಳಬೇಕಾದದ್ದು ಟರ್ಬೊ ಅಲ್ಲ, ಎಕ್ಸಾಸ್ಟಿನ ಬಿಸಿ ತೋರಿಸುವ ಪೈರೋಮೀಟರ್. ಟರ್ಬೊ ಇಲ್ಲದ ಈಗಿನ ಸ್ಥಿತಿಯಲ್ಲೇ ಅದನ್ನು ಮ್ಯಾನಿಫೋಲ್ಡಿಗೆ ಕೂರಿಸಿ, ಲೋಡಿನಲ್ಲಿ ಘಾಟಿ ಹತ್ತುವಾಗ ಮುಳ್ಳು ಎಲ್ಲಿಗೆ ಹೋಗುತ್ತದೆ ನೋಡಿಕೊಳ್ಳಿ. ಟರ್ಬೊಗೆ ಮುಂಚಿನ ಬಿಸಿ 700 ಡಿಗ್ರಿ ಸೆಲ್ಸಿಯಸ್ ದಾಟಿ ಬಹಳ ಹೊತ್ತು ನಿಲ್ಲಬಾರದು ಎಂಬುದು ಹಳೇ ಅಲ್ಯೂಮಿನಿಯಂ ಪಿಸ್ಟನ್ನಿನ ಡೀಸೆಲ್‌ಗಳಿಗೆ ಬಳಕೆಯಲ್ಲಿರುವ ಮಿತಿ. ಈ ಗೇಜಿಲ್ಲದೆ ಟರ್ಬೊ ಹಾಕಿಸಿಕೊಂಡವನು ಎಷ್ಟು ಬಿಸಿಯಾಯಿತು ಎಂಬುದನ್ನು ಪಿಸ್ಟನ್ ಬಿಚ್ಚಿದ ಮೇಲೆಯೇ ತಿಳಿಯುತ್ತಾನೆ.

ಟರ್ಬೊದ ಗಾತ್ರದಲ್ಲಿ ಆಸೆ ಪಡಬಾರದು. ಲಾರಿಯ ದೊಡ್ಡ ಟರ್ಬೊ ಎರಡೂವರೆ ಲೀಟರಿನ ಜೀಪಿಗೆ ಬಿಗಿದರೆ ಅದನ್ನು ತಿರುಗಿಸುವಷ್ಟು ಹೊಗೆಯೇ ಹುಟ್ಟುವುದಿಲ್ಲ, ಏರಿನಲ್ಲಿ ಆರ್‌ಪಿಎಂ ಬಿದ್ದಾಗಲಂತೂ ಅದು ಹೊಗೆಗೆ ಅಡ್ಡ ನಿಂತ ತಡೆಯಷ್ಟೇ. ತೀರ ಚಿಕ್ಕದಾದರೆ ಮೇಲಿನ ವೇಗದಲ್ಲಿ ಉಸಿರು ಕಟ್ಟುತ್ತದೆ. 2523 ಸಿಸಿಯ ಮಹೀಂದ್ರ ಡಿಐಗೆ ಅದೇ ಅಳತೆಯ ಟರ್ಬೊ ಎಂಜಿನ್ನಿನ ಟರ್ಬೊವೇ ಸರಿ, 697ಕ್ಕೆ ಅದರ ಟರ್ಬೊ ಮಾದರಿ 697 ಟಿಸಿಯದೇ. ಹಳೆಯದು ಕೊಳ್ಳುವುದಾದರೆ ಶಾಫ್ಟಿನ ತುದಿ ಹಿಡಿದು ಅಲ್ಲಾಡಿಸಿ. ಅಡ್ಡಕ್ಕೆ ಕೂದಲೆಳೆಯಷ್ಟು ಆಟ ಇರುತ್ತದೆ, ಅದು ಆಯಿಲ್ ಪದರಕ್ಕೆ ಬಿಟ್ಟ ಜಾಗ. ಉದ್ದಕ್ಕೆ ಹಿಂದೆ ಮುಂದೆ ಸರಿದದ್ದು ಬೆರಳಿಗೆ ತಿಳಿದರೆ, ಅಥವಾ ಚಕ್ರದ ರೆಕ್ಕೆ ಮನೆಯ ಗೋಡೆಗೆ ಉಜ್ಜಿದ ಗುರುತಿದ್ದರೆ, ಎಷ್ಟು ಅಗ್ಗವಾದರೂ ಬಿಡಿ.

ಕೆಲಸ ಕೆಡುವುದು ಹೆಚ್ಚಾಗಿ ಆಯಿಲ್ ಪೈಪಿನಲ್ಲಿ. ಒಳಗೆ ಹೋಗುವ ಪೈಪು ಸಣ್ಣದಾದರೂ ನಡೆದೀತು, ಅಲ್ಲಿ ಪಂಪಿನ ಒತ್ತಡ ಇದೆ. ಹೊರಗೆ ಬರುವ ಪೈಪಿಗೆ ಒತ್ತಡ ಇಲ್ಲ, ನೊರೆಗಟ್ಟಿದ ಆಯಿಲ್ ತನ್ನ ಭಾರಕ್ಕೇ ಇಳಿಯಬೇಕು. ಆದ್ದರಿಂದ ಅದು ಹೆಬ್ಬೆರಳು ಗಾತ್ರದ್ದಿರಲಿ, ಎಲ್ಲಿಯೂ ಮೇಲಕ್ಕೆ ಬಾಗದೆ ನೇರ ಕೆಳಗೆ ಇಳಿಯಲಿ, ಸಂಪಿನಲ್ಲಿ ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಲಿ. ಟರ್ಬೊ ಆಯಿಲ್ ಕಾರುತ್ತದೆ ಎಂದು ಟರ್ಬೊವನ್ನೇ ಬದಲಿಸುವವರು ಈ ಪೈಪನ್ನು ಒಮ್ಮೆ ನೋಡಬೇಕು. ಮೊದಲ ಸಲ ಸ್ಟಾರ್ಟ್ ಮಾಡುವ ಮುನ್ನ ಟರ್ಬೊದೊಳಗೆ ಆಯಿಲ್ ಸುರಿದು, ಪಂಪಿನ ಸ್ಟಾಪ್ ಲಿವರ್ ಹಿಡಿದುಕೊಂಡು, ಆಯಿಲ್ ಒತ್ತಡ ಬರುವವರೆಗೆ ಸೆಲ್ಫ್ ಹೊಡೆಯಬೇಕು.

ಹಳೇ ಜೀಪಿನ ಆಯಿಲ್ ಬಾತ್ ಏರ್ ಫಿಲ್ಟರನ್ನು ಕಿತ್ತು ದೊಡ್ಡ ಪೇಪರ್ ಫಿಲ್ಟರ್ ಇಡಿ. ಟರ್ಬೊದ ಎಳೆತಕ್ಕೆ ಆಯಿಲ್ ಬಾತಿನ ಆಯಿಲ್ ಮೇಲೆದ್ದು ಒಳಗೆ ಹೋಗಬಹುದು. ಬೇಸಿಗೆಯಲ್ಲಿ ನಮ್ಮ ಒಳದಾರಿಗಳ ಕೆಂಪು ಧೂಳು ಲಕ್ಷ ಸುತ್ತು ತಿರುಗುವ ಅಲ್ಯೂಮಿನಿಯಂ ರೆಕ್ಕೆಯ ಅಂಚನ್ನು ಅರದಂತೆ ಸವೆಸುತ್ತದೆ, ಮಳೆಗಾಲದಲ್ಲಿ ಗಾಳಿಯ ಬಾಯಿ ತಗ್ಗಿನಲ್ಲಿದ್ದರೆ ನೀರು ಎಳೆದುಕೊಳ್ಳುತ್ತದೆ. ಇಷ್ಟು ಮಳೆ ಬೀಳುವ ಊರಿನಲ್ಲಿ ಫಿಲ್ಟರಿನ ಬಾಯಿ ಬಾನೆಟ್ಟಿನ ಮಟ್ಟಕ್ಕೆ ಎತ್ತರವಿರುವುದು ಕಡ್ಡಾಯ.

ಬೂಸ್ಟ್ ಎಷ್ಟಿರಬೇಕು? ಒಳಗಿನ ಪಿಸ್ಟನ್ ಬದಲಿಸದಿದ್ದರೆ 0.4ರಿಂದ 0.5 ಬಾರ್, ಅದಕ್ಕೆ ಮೇಲೆ ಬೇಡ. ಟರ್ಬೊ ಇಲ್ಲದ ಎಂಜಿನ್ನಿನ ಕಂಪ್ರೆಷನ್ ಅನುಪಾತವೇ ಹೆಚ್ಚು, ಅದರ ಮೇಲೆ ಬೂಸ್ಟ್ ಸೇರಿದರೆ ಹೆಡ್ ಗ್ಯಾಸ್ಕೆಟ್ ಮತ್ತು ಬೇರಿಂಗುಗಳೇ ತಲೆ ಕೊಡಬೇಕು. ಇಷ್ಟು ಕಡಿಮೆ ಬೂಸ್ಟಿನಲ್ಲಿ ಪಂಪಿನ ಡೀಸೆಲನ್ನು ಹೆಚ್ಚಿಸದೆ ಬಿಟ್ಟರೆ ಆಗುವುದೇನು? ಹೊಗೆ ಇಳಿಯುತ್ತದೆ, ಎಕ್ಸಾಸ್ಟಿನ ಬಿಸಿ ಇಳಿಯುತ್ತದೆ, ಕೆಳಗೆ ಸಿಗುತ್ತಿದ್ದ ಎಳೆತ ದೋಣಿಗಾಲಿನ ಎತ್ತರದಲ್ಲೂ ಸಿಗುತ್ತದೆ. ಪೈಕ್ಸ್ ಪೀಕಿನಲ್ಲಿ ಸಿಕ್ಕಿದ್ದೂ ಇದೇ. ‘ಇಷ್ಟು ಕಷ್ಟಪಟ್ಟು ಹಾಕಿ ಪಂಪು ಸ್ವಲ್ಪ ತಿರುಗಿಸದಿದ್ದರೆ ಹೇಗೆ’ ಎನ್ನುವ ಮಾತು ಇದಾದ ಮೇಲೆ ಬಂದೇ ಬರುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಬಿಸಿ ಏರಿಸುವುದು ಹೆಚ್ಚು ಡೀಸೆಲ್, ಹೆಚ್ಚು ಗಾಳಿಯಲ್ಲ. ಟರ್ಬೊ ಹಾಕಿ ಸತ್ತ ಎಂಜಿನ್‌ಗಳ ನಿಜವಾದ ಕೊಲೆಗಾರ ಪಂಪಿನಲ್ಲಿ ಡೀಸೆಲ್ ಹೆಚ್ಚಿಸುವ ಆ ಸ್ಕ್ರೂ. ಬೂಸ್ಟ್ ಹುಟ್ಟಿದ ಮೇಲೆ ಮಾತ್ರ ಡೀಸೆಲ್ ಹೆಚ್ಚಿಸುವ ಅನರಾಯ್ಡ್ ಇರುವ ಪಂಪಾದರೆ, ಅದೂ ಬೆಂಚಿನ ಮೇಲೆ ಅಳೆದು, ಪೈರೋಮೀಟರ್ ನೋಡುತ್ತ, ಸ್ವಲ್ಪ ಏರಿಸಬಹುದು.

ಹತ್ತಿದ ಗಾಡಿ ಇಳಿಯಲೂ ಬೇಕಲ್ಲ. ಟರ್ಬೊ ಇಳಿಜಾರಿನಲ್ಲಿ ಏನೂ ಮಾಡುವುದಿಲ್ಲ. 2015 ಮತ್ತು 2018ರಲ್ಲಿ ಘಾಟಿ ಮುಚ್ಚಿ ಕಾಂಕ್ರೀಟ್ ಹಾಕಿದ ಮೇಲೆ ಗುಂಡಿಗಳೇ ವೇಗ ತಡೆಯುತ್ತಿದ್ದ ಕಾಲ ಹೋಯಿತು, ಗಾಡಿಗಳು ಸರಾಗವಾಗಿ ಇಳಿಯುತ್ತವೆ. ಎಂಜಿನ್ನಿಗೆ ಬಲ ಬಂತೆಂದು ಲೋಡು ಹೆಚ್ಚಿಸಿದರೆ ಡ್ರಮ್ ಬ್ರೇಕು, ಆಕ್ಸಲ್, ಟೈರು ಹಳೆಯವೇ. ಓವರ್‌ಲೋಡಿಗೆ ಈಗ ದಂಡ 20,000 ರೂಪಾಯಿ, ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2,000.

ಪುತ್ತೂರಿನ ಕೌಂಟರಿನಲ್ಲಿ ಕೇಳಬೇಕಾದದ್ದು

ಗಾಡಿಯ ಆರ್‌ಸಿಯಲ್ಲಿ ಎಂಜಿನ್ ನಂಬರಿನ ಜೊತೆ ಸಿಲಿಂಡರುಗಳ ಸಂಖ್ಯೆ, ಸಿಸಿ, ಅಶ್ವಶಕ್ತಿ ದಾಖಲಾಗಿರುತ್ತವೆ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಆರ್‌ಸಿಯಲ್ಲಿರುವುದು ಹೊಂದದಂತೆ ಮಾಲೀಕ ಗಾಡಿಯನ್ನು ಬದಲಿಸುವಂತಿಲ್ಲ. ಕೇರಳದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿ 9ರಂದು ಇದನ್ನೇ ಖಚಿತಪಡಿಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ, ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡನ್ನೂ ಹೇಳುತ್ತದೆ. ಬಲ ಹೆಚ್ಚಿಸುವ ಟರ್ಬೊ ಈ ಬಲೆಗೆ ಬೀಳುತ್ತದೆ. ಅಪಘಾತವಾದರೆ ವಿಮಾ ಕಂಪನಿ ತಕರಾರು ತೆಗೆಯಲು ಇದಕ್ಕಿಂತ ಒಳ್ಳೆಯ ನೆಪ ಬೇಕಿಲ್ಲ.

ಅದೇ ಕಂಪನಿಯ ಅದೇ ಮಾದರಿಯ ಎಂಜಿನ್ ಹಾಕುವುದು ಅನುಮತಿ ಪಡೆದು ಮಾಡಬಹುದಾದ ಕೆಲಸ. ಬೇರೆ ಬಗೆಯ ಎಂಜಿನ್ ಅಥವಾ ಟರ್ಬೊ ಜೋಡಣೆಯಾದರೆ ಮೆಕ್ಯಾನಿಕ್‌ಗೆ ಮುಂಗಡ ಕೊಡುವ ಮುನ್ನವೇ ಪುತ್ತೂರು ಆರ್‌ಟಿಒ ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ಕಡಬ, ಸುಳ್ಯದ ಕೆಎ 21 ಗಾಡಿಗಳಿಗೆ ಉತ್ತರ ಕೊಡಬೇಕಾದದ್ದು ಅದೇ ಕಚೇರಿ. ಹೊಗೆ ತಪಾಸಣೆಯಲ್ಲಿ ಬಿಎಸ್-4ಕ್ಕಿಂತ ಹಿಂದಿನ ಡೀಸೆಲ್ ಗಾಡಿಗೆ ಮಿತಿ 65 ಎಚ್‌ಎಸ್‌ಯು. ಪಂಪು ತಿರುಗಿಸಿದ ಗಾಡಿ ಅಲ್ಲೂ ಸಿಕ್ಕಿಬೀಳುತ್ತದೆ.

ಕಾರ್ಖಾನೆಯಿಂದಲೇ ಟರ್ಬೊ ಬಂದ ಗಾಡಿ ಇರುವವರಿಗೆ ಎರಡು ಮಾತು. ಘಾಟಿ ಹತ್ತಿ ದೋಣಿಗಾಲಿನಲ್ಲಿ ಚಹಾಕ್ಕೆ ನಿಲ್ಲಿಸಿದ ತಕ್ಷಣ ಎಂಜಿನ್ ಬಂದ್ ಮಾಡಬೇಡಿ. ಒಂದೆರಡು ನಿಮಿಷ ಐಡಲಿನಲ್ಲಿ ಬಿಡಿ. ಎಂಜಿನ್ ನಿಂತರೆ ಆಯಿಲ್ ಹರಿವೂ ನಿಲ್ಲುತ್ತದೆ, ಕಾದ ಟರ್ಬೊದೊಳಗೆ ಉಳಿದ ಆಯಿಲ್ ಸುಟ್ಟು ಕರಕಲಾಗಿ ಬೇರಿಂಗಿಗೆ ಅಂಟುತ್ತದೆ. ಎಳೆತ ಏಕಾಏಕಿ ಕಡಿಮೆಯಾಗಿ ಕರಿ ಹೊಗೆ ಬಂದರೆ ಟರ್ಬೊ ಹೋಯಿತೆಂದು ಗಾಬರಿಯಾಗದೆ ರಬ್ಬರ್ ಹೋಸ್ ಮತ್ತು ಕ್ಲಿಪ್ಪುಗಳನ್ನು ನೋಡಿ. ಅನೇಕ ಸಲ ರೋಗ ಅಲ್ಲೇ.

ಖಾಸಗಿ ತೋಟದೊಳಗೆ ಪಂಪು, ಜನರೇಟರ್ ಓಡಿಸುವ ಹಳೇ ಎಂಜಿನ್ನಿಗೆ ಬೇಕಾದರೆ ಟರ್ಬೊ ಕೂರಿಸಿ ಕಲಿಯಿರಿ, ಅಡ್ಡಿಯಿಲ್ಲ. ರಸ್ತೆಯ ಗಾಡಿಗೆ ನನ್ನ ಲೆಕ್ಕ ಬೇರೆ. ಟರ್ಬೊ, ಮ್ಯಾನಿಫೋಲ್ಡ್, ಇಂಟರ್‌ಕೂಲರ್, ಪೈಪು, ಗೇಜು, ಪಂಪಿನ ಕೆಲಸ, ಕ್ಲಚ್, ಬ್ರೇಕು ಇಷ್ಟನ್ನೂ ಕಾಗದದ ಮೇಲೆ ಕೂಡಿಸಿ, ಹಳೇ ಗಾಡಿ ಮಾರಿದರೆ ಬರುವ ಹಣವನ್ನು ಪಕ್ಕದಲ್ಲಿ ಬರೆಯಿರಿ. 2523 ಸಿಸಿಯದೇ ಟರ್ಬೊ ಎಂಜಿನ್ ಇರುವ ಬೊಲೆರೊ ಪಿಕಪ್ಪುಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಬೇಕಾದಷ್ಟು ಸಿಗುತ್ತವೆ, ದಾಖಲೆ ಸಮೇತ. ತಿಂಗಳಿಗೊಮ್ಮೆ ಘಾಟಿ ಹತ್ತುವವರು ಇರುವ ಎಂಜಿನ್ನಿನ ಪಂಪು, ನಾಝಲ್ ಸರಿಮಾಡಿಸಿಕೊಂಡು ಎರಡನೇ ಗೇರಿನಲ್ಲೇ ಹೋಗಿ. ವಾರಕ್ಕೆ ನಾಲ್ಕು ಸಲ ಸಕಲೇಶಪುರಕ್ಕೆ ಲೋಡು ಹೊಡೆಯುವವರು ಹಳೇ ಗಾಡಿ ಮಾರಿ ಟರ್ಬೊ ಇರುವುದನ್ನೇ ಕೊಳ್ಳಿ.